ರಂಗ, ಮೈಕು, ತೆರೆ: ಕನ್ನಡದಲ್ಲಿ ಹಾಸ್ಯವನ್ನೇ ವೃತ್ತಿಯಾಗಿಸಿಕೊಳ್ಳುವ ಬಗೆ

ಕನ್ನಡದಲ್ಲಿ ನಗಿಸುವುದನ್ನೇ ಹೊಟ್ಟೆಪಾಡಾಗಿಸಿಕೊಳ್ಳಲು ಹೊರಟವರ ಮುಂದೆ ಇಂದು ಹಲವು ದಾರಿಗಳಿವೆ. ಬೆಂಗಳೂರಿನ ಕೆಫೆಗಳಲ್ಲಿ ಓಪನ್ ಮೈಕ್, ಅಂದರೆ ಹೊಸಬರೂ ಹೆಸರು ಕೊಟ್ಟು ಕೆಲವು ನಿಮಿಷ ವೇದಿಕೆ ಏರಬಹುದಾದ ಕಾರ್ಯಕ್ರಮ, ನಡೆಯುತ್ತದೆ. ಗಣೇಶೋತ್ಸವ ಮತ್ತು ರಾಜ್ಯೋತ್ಸವದ ಪೆಂಡಾಲುಗಳಲ್ಲಿ ಹಾಸ್ಯಸಂಜೆಗಳು ತಡರಾತ್ರಿಯವರೆಗೂ ಸಾಗುತ್ತವೆ. ಹವ್ಯಾಸಿ ತಂಡಗಳು ನಗೆನಾಟಕ ಕಟ್ಟುತ್ತಿವೆ. ವಾಹಿನಿಗಳು ಕಾಮಿಡಿ ಶೋಗಳಿಗೆ ಆಡಿಷನ್ ಕರೆಯುತ್ತವೆ. ಸಿನಿಮಾ ಮತ್ತು ಯೂಟ್ಯೂಬ್ ಅಂತೂ ಇದ್ದೇ ಇವೆ. ಇವುಗಳಲ್ಲಿ ಯಾವುದನ್ನು ಮೊದಲು ಹಿಡಿಯಬೇಕು, ಒಂದರಿಂದ ಇನ್ನೊಂದಕ್ಕೆ ಯಾವಾಗ ದಾಟಬೇಕು ಎಂಬುದು ತಿಳಿಯದೆ ಒಳ್ಳೆಯ ಪ್ರತಿಭೆಗಳು ಎರಡು ಮೂರು ವರ್ಷದಲ್ಲೇ ದಣಿದು ಹಿಂದಿರುಗುವುದನ್ನು ಕಂಡಿದ್ದೇವೆ. ಈ ಬರಹ ಅಂಥವರಿಗಾಗಿ. ಮುಂದಿನ ಸಲಹೆಗಳೆಲ್ಲ ನಿಂತಿರುವುದು ಒಂದೇ ತಿಳಿವಳಿಕೆಯ ಮೇಲೆ: ಹಾಸ್ಯಗಾರನ ಸರಕು ಹುಟ್ಟುವುದು ಜನರ ಎದುರಿಗೆ, ಖರ್ಚಾಗುವುದು ಕ್ಯಾಮೆರಾದ ಎದುರಿಗೆ. ಈ ಆಯವ್ಯಯದ ಲೆಕ್ಕ ತಪ್ಪದವರ ವೃತ್ತಿ ದೀರ್ಘಕಾಲ ಬಾಳಿದೆ.

ಮೊದಲು ಹಿಂದಿನವರ ದಾರಿಯನ್ನು ನೋಡಿ

ಮೈಕು ಹಿಡಿಯುವ ಮುನ್ನ ಮಾಡಬೇಕಾದ ಕೆಲಸವೊಂದಿದೆ. ನಿಮಗೆ ಇಷ್ಟವಾದ ನಾಲ್ಕೈದು ಮಂದಿ ಹಾಸ್ಯ ಕಲಾವಿದರು ಜನರಿಗೆ ಪರಿಚಿತರಾಗುವ ಮುಂಚೆ ಏನು ಮಾಡುತ್ತಿದ್ದರು ಎಂಬುದನ್ನು ಕ್ರಮವಾಗಿ ಬರೆದುಕೊಳ್ಳಿ. ತಿಪಟೂರಿನ ನರಸಿಂಹರಾಜು 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದಿಂದ ತೆರೆಗೆ ಬಂದಾಗ ಅವರಿಗೆ ಮೂವತ್ತು ದಾಟಿತ್ತು. ಅದಕ್ಕೂ ಮುಂಚೆ ಬಾಲ್ಯದಿಂದಲೇ ಕಂಪನಿ ನಾಟಕಗಳಲ್ಲಿ ಬಣ್ಣ ಹಚ್ಚಿದ್ದರು. ಮುಂದೆ ಎರಡು ದಶಕಕ್ಕೂ ಹೆಚ್ಚು ಕಾಲ ಅವರು ತೆರೆಯ ಮೇಲೆ ಖರ್ಚು ಮಾಡಿದ್ದು ಆ ವರ್ಷಗಳ ಗಳಿಕೆಯನ್ನೇ. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನ ನಟನ ತುಟಿಯ ಚಲನೆ ನೋಡಿ ತಮ್ಮ ಮಾತಿನ ಸಮಯ ಹಿಡಿಯುತ್ತಿದ್ದರು. ಅಂಥ ಗಮನ ರಂಗದ ಮೇಲೆ ಪಳಗದೆ ಬರುವಂಥದ್ದಲ್ಲ. ಶರಣ್ ಅವರ ತಂದೆತಾಯಿ ಗುಬ್ಬಿ ಕಂಪನಿಯ ಕಲಾವಿದರು. ಶರಣ್ ವರ್ಷಗಟ್ಟಲೆ ಪೋಷಕ ಹಾಸ್ಯ ಪಾತ್ರಗಳನ್ನು ಮಾಡಿದ ನಂತರವೇ 2012ರ ‘ರ‍್ಯಾಂಬೊ’ ಚಿತ್ರದಲ್ಲಿ, ತಾವೇ ನಿರ್ಮಾಣದಲ್ಲಿ ಕೈಜೋಡಿಸಿ, ನಾಯಕರಾದರು.

ಬೇರೆ ದಾರಿಯಲ್ಲಿ ಬಂದವರೂ ಇದ್ದಾರೆ. ದ್ವಾರಕೀಶ್ ಮೈಸೂರಿನಲ್ಲಿ ವಾಹನಗಳ ಬಿಡಿಭಾಗಗಳ ಅಂಗಡಿ ನಡೆಸುತ್ತಿದ್ದವರು. ನಟನಾಗಿ ಹೆಸರು ಬರುತ್ತಿದ್ದಂತೆಯೇ, 1969ರಲ್ಲಿ ‘ಮೇಯರ್ ಮುತ್ತಣ್ಣ’ ಚಿತ್ರವನ್ನು ನಿರ್ಮಿಸಿ, ಹಾಸ್ಯನಟ ಇನ್ನೊಬ್ಬರ ಕರೆಗಾಗಿ ಕಾಯಬೇಕಿಲ್ಲ ಎಂಬುದನ್ನು ತೋರಿಸಿಕೊಟ್ಟರು. ದಾನಿಶ್ ಸೇಠ್ ರೇಡಿಯೊದ ಫೋನ್ ಚೇಷ್ಟೆಗಳಲ್ಲಿ ಕಟ್ಟಿದ ನೊಗ್ರಾಜ್ ಎಂಬ ರಾಜಕಾರಣಿಯ ಪಾತ್ರವನ್ನೇ ಬೆಳೆಸಿ 2018ರಲ್ಲಿ ಸಿನಿಮಾ ಮಾಡಿದರು. ಇಲ್ಲಿಯೂ ನಮ್ಮ ಲೆಕ್ಕ ಬದಲಾಗುವುದಿಲ್ಲ: ಪಾತ್ರ ಮೊದಲು ಬೇರೆಡೆ ಪಳಗಿತ್ತು, ತೆರೆ ಆಮೇಲೆ ಸಿಕ್ಕಿತು.

ಮೊದಲ ವರ್ಷ: ನಾಲ್ಕು ನಿಮಿಷ

ಓಪನ್ ಮೈಕ್‌ನಲ್ಲಿ ಹೊಸಬರಿಗೆ ಸಾಮಾನ್ಯವಾಗಿ ಸಿಗುವುದು ಮೂರರಿಂದ ಐದು ನಿಮಿಷದ ಸ್ಪಾಟ್. ಹಾಗಾಗಿ ಮೊದಲ ಗುರಿ ಒಂದು ಗಂಟೆಯ ಕಾರ್ಯಕ್ರಮವಲ್ಲ. ಎಲ್ಲಿ ನಿಲ್ಲಿಸಿದರೂ ನಗಿಸಬಲ್ಲ ನಾಲ್ಕು ನಿಮಿಷ. ವಾರಕ್ಕೊಂದು ಹೊಸ ವಿಷಯ ಹೇಳುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಅದು ಹಾಳುಮಾಡುವ ಆಸೆ. ಅದೇ ನಾಲ್ಕು ನಿಮಿಷವನ್ನು ಬೇರೆ ಬೇರೆ ಜನರೆದುರು ಹೇಳಿ, ಪ್ರತಿ ಸಲವೂ ಫೋನಿನಲ್ಲಿ ಧ್ವನಿಮುದ್ರಿಸಿ, ಮರುದಿನ ಕೇಳಿ. ನಗು ಎಲ್ಲಿ ಬಂತು, ಬಂದಾಗ ನೀವು ಸುಮ್ಮನಿದ್ದಿರೋ ಅಥವಾ ಅದರ ಮೇಲೆಯೇ ಮಾತು ಹೇರಿದಿರೋ, ನಗು ಬಾರದ ಕಡೆ ನಿಮ್ಮ ದನಿ ಏರಿತೇ, ಇವನ್ನಷ್ಟೇ ಗುರುತು ಹಾಕಿಕೊಳ್ಳಿ. ವೇದಿಕೆಯ ಮೇಲೆ ನಿಂತಾಗ ಇದ್ಯಾವುದೂ ಕಿವಿಗೆ ಬೀಳುವುದಿಲ್ಲ, ಆದ್ದರಿಂದ ಮುದ್ರಿಕೆ ಅನಿವಾರ್ಯ.

ಕನ್ನಡದಲ್ಲಿ ಸ್ಟ್ಯಾಂಡ್ಅಪ್, ಅಂದರೆ ಒಬ್ಬರೇ ಮೈಕಿನ ಮುಂದೆ ನಿಂತು ಮಾತಿನಲ್ಲೇ ನಗಿಸುವ ಹಾಸ್ಯ, ಕೇಳುವಂಥ ಜನ ಇಲ್ಲ, ಇಂಗ್ಲಿಷಿನಲ್ಲೇ ಮಾಡಬೇಕು ಎಂಬ ಮಾತು ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಚಾಲ್ತಿಯಲ್ಲಿತ್ತು. ಲೋಲ್‌ಬಾಗ್ ತಂಡದ ಗೆಳೆಯರು ಕನ್ನಡದಲ್ಲೇ ಟಿಕೆಟ್ ಇಟ್ಟು ಕಾರ್ಯಕ್ರಮ ಮಾಡಿ ಆ ಮಾತನ್ನು ಸುಳ್ಳಾಗಿಸಿದರು. ಬೆಂಗಳೂರಿನಿಂದ ದೂರ ಇರುವವರು ಓಪನ್ ಮೈಕ್ ಇಲ್ಲವೆಂದು ಕೊರಗಬೇಕಾಗಿಲ್ಲ. ಕಾಲೇಜಿನ ವಾರ್ಷಿಕೋತ್ಸವ, ಸಂಘದ ರಾಜ್ಯೋತ್ಸವ, ಬೀದಿಯ ಗಣೇಶ, ನಿವೃತ್ತರ ಹಾಸ್ಯಕೂಟ, ಇವೆಲ್ಲವೂ ಮೈಕುಗಳೇ. ಅದರಲ್ಲೂ ಮಕ್ಕಳು ಓಡಾಡುತ್ತಿರುವ, ಹಿಂದುಗಡೆ ಪ್ರಸಾದ ಹಂಚುತ್ತಿರುವ ಪೆಂಡಾಲಿನಲ್ಲಿ ನಾಲ್ಕು ನಿಮಿಷ ಜನರನ್ನು ಹಿಡಿದಿಡುವುದು ಕೆಫೆಯ ಓಪನ್ ಮೈಕ್‌ಗಿಂತ ಕಠಿಣ ಪರೀಕ್ಷೆ ಎಂಬುದು ನನ್ನ ದೃಢ ಅಭಿಪ್ರಾಯ.

ಒಂದೇ ಸಂಗತಿ, ಮೂರು ರೂಪ

ಮೂರು ಮಾಧ್ಯಮಗಳ ನಡುವಣ ವ್ಯತ್ಯಾಸ ಮಾತಿನಲ್ಲಿ ಹೇಳಿದರೆ ತಿಳಿಯದು, ಮಾಡಿ ನೋಡಬೇಕು. ಎಲ್ಲರೂ ಬಲ್ಲ ಒಂದು ಸಂಗತಿಯನ್ನು ತೆಗೆದುಕೊಳ್ಳೋಣ: ಮದುವೆ ಛತ್ರದ ಊಟದ ಹಾಲಿನಲ್ಲಿ ಮೊದಲ ಪಂಕ್ತಿಯವರು ಊಟ ಮಾಡುತ್ತಿರುವಾಗಲೇ ಅವರ ಕುರ್ಚಿಯ ಹಿಂದೆ ಬಂದು ನಿಂತು ಕಾಯುವವರು.

ಸ್ಟ್ಯಾಂಡ್ಅಪ್‌ಗಾಗಿ ಹೊಸಬರು ಬರೆಯುವ ಮೊದಲ ಕರಡು ಹೀಗಿರುತ್ತದೆ: “ಮೊನ್ನೆ ಒಂದು ಮದುವೆಗೆ ಹೋಗಿದ್ದೆ, ಅಲ್ಲಿ ಊಟಕ್ಕೆ ಕೂತಿದ್ದಾಗ ನನ್ನ ಹಿಂದೆ ಒಬ್ಬರು ಅಂಕಲ್ ನಿಂತುಕೊಂಡು, ನಾನು ಎರಡನೇ ಸಲ ಪಾಯಸ ಹಾಕಿಸಿಕೊಂಡಿದ್ದಕ್ಕೆ ಬೇಜಾರಾಗಿ ನಿಟ್ಟುಸಿರು ಬಿಟ್ಟರು.” ಇದರಲ್ಲಿ ಸಂಗತಿ ಇದೆ, ನಗು ಇಲ್ಲ. ಕಾರಣ, ನಿಟ್ಟುಸಿರು ಬರುವ ಮುಂಚೆಯೇ ಬೇಜಾರನ್ನು ವಿವರಿಸಿಬಿಟ್ಟಿದ್ದೇವೆ. ತಿದ್ದಿದ ರೂಪ: “ಊಟಕ್ಕೆ ಕೂತಿದ್ದೀನಿ. ಹಿಂದೆ ಒಬ್ಬರು ಅಂಕಲ್ ನಿಂತಿದ್ದಾರೆ. ಪಾಯಸ ಬಂತು, ಇನ್ನೊಂದು ಸಲ ಹಾಕಿಸ್ಕೊಂಡೆ. ನಿಟ್ಟುಸಿರು ಅವರದ್ದು.” ಕೇಳುಗ ನಡುವಿನ ಸೇತುವೆಯನ್ನು ತಾನೇ ಕಟ್ಟಿಕೊಳ್ಳುತ್ತಾನೆ, ನಗು ಅಲ್ಲಿ ಹುಟ್ಟುತ್ತದೆ. ನಮ್ಮ ಬರಹದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆಯಾದರೂ ಆಡುಮಾತಿನಲ್ಲಿ ಪದಗಳನ್ನು ಹಿಂದೆಮುಂದೆ ಮಾಡುವ ಸ್ವಾತಂತ್ರ್ಯ ಧಾರಾಳವಾಗಿದೆ. ಪಂಚ್, ಅಂದರೆ ನಗು ಸಿಡಿಸುವ ಏಟು, ಆಗಬೇಕಾದ ಪದವನ್ನು ಕಟ್ಟಕಡೆಗೆ ಇಟ್ಟು, ಅದರ ನಂತರ ಒಂದಕ್ಷರವೂ ಉಳಿಯದಂತೆ ನೋಡಿಕೊಳ್ಳುವುದು ಈ ಕಸುಬಿನ ಮೊದಲ ಪಾಠ.

ಇದೇ ಸಂಗತಿ ನಾಟಕದಲ್ಲಿ ಬಂದರೆ ಮೇಲಿನ ಮಾತುಗಳಲ್ಲಿ ಒಂದೂ ಬೇಕಾಗುವುದಿಲ್ಲ. ಒಂದು ಕುರ್ಚಿ, ಒಂದು ಬಾಳೆಲೆ, ಕೂತವನೊಬ್ಬ, ನಿಂತವನೊಬ್ಬ. ನಿಂತವನು ಕುರ್ಚಿಯ ಬೆನ್ನಿನ ಮೇಲೆ ಕರ್ಚೀಫು ಹಾಕುತ್ತಾನೆ. ಕೂತವನು ಅನ್ನವನ್ನು ಇನ್ನಷ್ಟು ನಿಧಾನವಾಗಿ ಕಲಸುತ್ತಾನೆ. ಬಡಿಸುವವನು ಹತ್ತಿರ ಬಂದಾಗ ನಿಂತವನೇ ಕೈ ಅಡ್ಡ ಹಿಡಿದು ‘ಸಾಕು, ಸಾಕು’ ಎನ್ನುತ್ತಾನೆ. ಇಲ್ಲಿ ನಗು ಇಬ್ಬರ ನಡುವಿನದು, ಒಬ್ಬರದ್ದಲ್ಲ. ಕೂತವನು ನಗುವಿಗಾಗಿ ಅವಸರಪಟ್ಟರೆ ನಿಂತವನ ಕೆಲಸ ಕೆಡುತ್ತದೆ. ಸ್ಟ್ಯಾಂಡ್ಅಪ್‌ನಿಂದ ನಾಟಕಕ್ಕೆ ಬರುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಪ್ರೇಕ್ಷಕರ ಕಡೆ ತಿರುಗುವ ಅಭ್ಯಾಸ ಅವರ ಮೈಯಲ್ಲಿ ಕೂತುಬಿಟ್ಟಿರುತ್ತದೆ.

ಕ್ಯಾಮೆರಾಕ್ಕೆ ಕರ್ಚೀಫೂ ಹೆಚ್ಚೇ. ಪಾಯಸದ ಬಕೆಟ್ ಹತ್ತಿರವಾಗುತ್ತಿದ್ದಂತೆ ನಿಂತವನ ಕಣ್ಣು ಬಕೆಟ್ಟಿನಿಂದ ಎಲೆಗೆ, ಎಲೆಯಿಂದ ಕೂತವನ ಕೊರಳಿಗೆ ಹೋದರೆ ಸಾಕು. ಆದರೆ ಸೆಟ್ಟಿನಲ್ಲಿ ಯಾರೂ ನಗುವುದಿಲ್ಲ. ನಗಲೂ ಬಾರದು, ಶಬ್ದಗ್ರಹಣ ನಡೆಯುತ್ತಿರುತ್ತದೆ. ನಗು ಎಲ್ಲಿ ಬೀಳಬಹುದು, ಎಷ್ಟು ಹೊತ್ತು ನಿಲ್ಲಬಹುದು ಎಂಬುದನ್ನು ಒಳಗಿವಿಯಿಂದಲೇ ಕೇಳಿಸಿಕೊಂಡು ನಟಿಸಬೇಕು, ಮತ್ತು ಕೊನೆಗೆ ಆ ಅಂತರವನ್ನು ಉಳಿಸುವುದೋ ಕತ್ತರಿಸುವುದೋ ಸಂಕಲನಕಾರರ ಕೈಯಲ್ಲಿರುತ್ತದೆ. ಜನರೆದುರು ನೂರಾರು ಸಲ ನಿಂತವರಿಗೆ ಮಾತ್ರ ಈ ಒಳಗಿವಿ ಬೆಳೆದಿರುತ್ತದೆ. ತೆರೆಗೆ ಮೊದಲು ವೇದಿಕೆ ಎಂದು ನಾನು ಒತ್ತಿ ಹೇಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ.

ರಂಗಭೂಮಿಯಲ್ಲಿ ಕಳೆಯುವ ಕಾಲ

ಸಾಧ್ಯವಿದ್ದವರು ಒಂದು ವರ್ಷವನ್ನಾದರೂ ರಂಗಶಿಕ್ಷಣಕ್ಕೆ ಕೊಡಬೇಕು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1980ರಲ್ಲಿ ಆರಂಭಿಸಿದ ನೀನಾಸಂ ರಂಗಶಿಕ್ಷಣ ಕೇಂದ್ರವಿದೆ, ಸಾಣೇಹಳ್ಳಿಯಲ್ಲಿ ಶಿವಸಂಚಾರ ನಾಟಕ ತಂಡದ ರಂಗಶಾಲೆಯಿದೆ. ಮಂಡ್ಯ ರಮೇಶ್ ನೀನಾಸಂನಲ್ಲಿ ಕಲಿತು, ಮೈಸೂರಿನ ರಂಗಾಯಣದಲ್ಲಿ ದುಡಿದು, ‘ನಟನ’ ಸಂಸ್ಥೆ ಕಟ್ಟಿದವರು. ಅವರನ್ನು ಟಿವಿಯ ‘ಮಜಾ ಟಾಕೀಸ್’ ಕಾಮಿಡಿ ಶೋನ ಮುದ್ದೇಶನಾಗಿ ಮಾತ್ರ ಬಲ್ಲವರಿಗೆ ಆ ಹಾಸ್ಯದ ಹಿಂದೆ ಎಷ್ಟು ರಂಗಾನುಭವವಿದೆ ಎಂಬುದು ಗೊತ್ತಿರಲಾರದು. ರಂಗಾಯಣ ರಘು ಅವರಂತೂ ಸಂಸ್ಥೆಯ ಹೆಸರನ್ನೇ ತಮ್ಮ ಹೆಸರಿಗೆ ಅಂಟಿಸಿಕೊಂಡಿದ್ದಾರೆ. ವರ್ಷವಿಡೀ ಬಿಡುವು ಮಾಡಿಕೊಳ್ಳಲಾಗದವರು ನಿಮ್ಮೂರಿನ ಹವ್ಯಾಸಿ ತಂಡದಲ್ಲಿ ಸಂಜೆಯ ತಾಲೀಮಿಗೆ ಸೇರಬಹುದು. ಹಾಸ್ಯ ಪಾತ್ರವೇ ಬೇಕೆಂದು ಹಟ ಹಿಡಿಯಬೇಡಿ. ಗಂಭೀರ ಪಾತ್ರದಲ್ಲಿ ಎದುರಿನವರ ಮಾತನ್ನು ನಿಜವಾಗಿ ಕೇಳಿಸಿಕೊಳ್ಳುವುದು ಅಭ್ಯಾಸವಾಗುತ್ತದೆ, ಹಾಸ್ಯಕ್ಕೆ ಬೇಕಾದ ಶಿಸ್ತೂ ಅದೇ.

ಕಂಪನಿ ನಾಟಕಗಳನ್ನು ಕೀಳಾಗಿ ಕಾಣುವ ನಗರದ ರೂಢಿಯನ್ನು ದಯವಿಟ್ಟು ಕೈಬಿಡಿ. ಬಾದಾಮಿ ಬಳಿಯ ಬನಶಂಕರಿ ಜಾತ್ರೆಯ ಹೊತ್ತಿಗೆ ಹೋಗಿ, ಹಲವು ಕಂಪನಿಗಳು ಅಕ್ಕಪಕ್ಕದಲ್ಲೇ ಟೆಂಟ್ ಹಾಕಿ ರಾತ್ರಿಯಿಡೀ ಆಟ ಕಟ್ಟುವುದನ್ನು ನೋಡಿ. ಅಲ್ಲಿನ ಹಾಸ್ಯ ಪಾತ್ರಧಾರಿ ಸಾವಿರಾರು ಜನರ ಗದ್ದಲದಲ್ಲಿ ದನಿಯನ್ನು ಎಲ್ಲಿ ಎತ್ತುತ್ತಾನೆ, ಸಿಳ್ಳೆ ಬಿದ್ದಾಗ ಎಷ್ಟು ಹೊತ್ತು ತಡೆದು ಮುಂದಿನ ಮಾತಿಗೆ ಬರುತ್ತಾನೆ ಎಂಬುದನ್ನು ಗಮನಿಸಿದರೆ ಯಾವ ಕಾರ್ಯಾಗಾರದಲ್ಲೂ ಸಿಗದ ಪಾಠ ಸಿಗುತ್ತದೆ. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ವನ್ನು ದಶಕಗಟ್ಟಲೆ ಆಡಿದರೂ ಅದು ಹಳಸದೆ ಉಳಿದದ್ದು ಅಂದಂದಿನ ಸುದ್ದಿಯನ್ನು ಅಂದಂದೇ ಮಾತಿನಲ್ಲಿ ಬೆರೆಸುವ ಅವರ ಶಕ್ತಿಯಿಂದ. ನಾಟಕದ ಎಲುಬುಗೂಡು ಬದಲಾಗುತ್ತಿರಲಿಲ್ಲ, ಮಾತು ಬದಲಾಗುತ್ತಿತ್ತು. ಎದುರಿಗಿರುವ ಜನರೊಂದಿಗೆ ಸ್ಥಳದಲ್ಲೇ ಮಾತು ಬೆಳೆಸಿ ನಗಿಸುವ, ಇಂದು ಕ್ರೌಡ್ ವರ್ಕ್ ಎಂದು ಕರೆಯುವ ವಿದ್ಯೆಯನ್ನು ಕಲಿಯಲು ಹೊರದೇಶದ ವಿಡಿಯೊಗಳಿಗಿಂತ ಮೊದಲು ಹಿರಣ್ಣಯ್ಯನವರ ಮುದ್ರಿಕೆಗಳನ್ನು ಕೇಳಬೇಕು.

ರಂಗದಿಂದ ತೆರೆಗೆ ಇಡೀ ಗುಂಪಾಗಿ ದಾಟಿದ ಉದಾಹರಣೆ ಕರಾವಳಿಯದು. ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ತುಳು ನಾಟಕ ‘ಒರಿಯರ್ದೊರಿ ಅಸಲ್’ 2011ರಲ್ಲಿ ಸಿನಿಮಾ ಆಗಿ ಶತದಿನ ಕಂಡ ಮೇಲೆ ತುಳು ಚಿತ್ರರಂಗಕ್ಕೆ ಹೊಸ ಜೀವ ಬಂತು. ದೇವದಾಸ್ ಕಾಪಿಕಾಡ್, ನವೀನ್ ಡಿ. ಪಡೀಲ್, ಅರವಿಂದ ಬೋಳಾರ್, ಭೋಜರಾಜ್ ವಾಮಂಜೂರು ಮೊದಲಾದ ರಂಗದ ಹಾಸ್ಯನಟರು ತಮ್ಮ ಪ್ರೇಕ್ಷಕರನ್ನು ಟಾಕೀಸಿಗೂ ಕರೆತಂದರು.

ಹಾಸ್ಯ ಭಾಷಣವೆಂಬ ನಮ್ಮದೇ ದಾರಿ

ಸ್ಟ್ಯಾಂಡ್ಅಪ್ ಬರುವ ಮುಂಚೆಯೇ ಒಬ್ಬರೇ ನಿಂತು ಗಂಟೆಗಟ್ಟಲೆ ನಗಿಸುವ ಪರಂಪರೆ ನಮ್ಮಲ್ಲಿತ್ತು. ಗಂಗಾವತಿ ಪ್ರಾಣೇಶ್ ಬೀಚಿಯವರ ಬರಹದ ಮೇಲಿನ ಪ್ರೀತಿಯಿಂದಲೇ ತಮ್ಮ ದಾರಿ ಕಂಡುಕೊಂಡರು, ಪ್ರೊ. ಕೃಷ್ಣೇಗೌಡ, ರಿಚರ್ಡ್ ಲೂಯಿಸ್, ಸುಧಾ ಬರಗೂರು, ಇಂದುಮತಿ ಸಾಲಿಮಠ ಮೊದಲಾದವರು ಊರೂರು ತಿರುಗಿ ಇದನ್ನು ದೊಡ್ಡ ಮಟ್ಟದ ವೃತ್ತಿಯಾಗಿ ಬೆಳೆಸಿದರು. ಎರಡರ ನಡುವಣ ಒಂದು ವ್ಯತ್ಯಾಸವನ್ನು ಹೊಸಬರು ಚೆನ್ನಾಗಿ ಅರಿತಿರಬೇಕು. ಸ್ಟ್ಯಾಂಡ್ಅಪ್‌ನ ಪ್ರೇಕ್ಷಕ ಯೂಟ್ಯೂಬಿನಲ್ಲಿ ಕೇಳಿದ ಮಾತನ್ನೇ ವೇದಿಕೆಯಲ್ಲಿ ಮತ್ತೆ ಕೇಳಿದರೆ ಮೋಸವಾಯಿತೆಂದುಕೊಳ್ಳುತ್ತಾನೆ. ಹಾಸ್ಯ ಭಾಷಣದ ಪ್ರೇಕ್ಷಕ ಕ್ಯಾಸೆಟ್ಟಿನಲ್ಲಿ ಕೇಳಿ ಬಾಯಿಪಾಠವಾದ ಪ್ರಸಂಗವನ್ನೇ “ಅದನ್ನು ಹೇಳಿ ಸಾರ್” ಎಂದು ಕೇಳಿ ಹೇಳಿಸುತ್ತಾನೆ. ಆದ್ದರಿಂದ ಭಾಷಣಕ್ಕೆ ಕಟ್ಟಿದ ಸರಕು ವರ್ಷಗಟ್ಟಲೆ ದುಡಿಯುತ್ತದೆ, ಸ್ಟ್ಯಾಂಡ್ಅಪ್‌ನ ಸರಕು ವಿಡಿಯೊ ಹಾಕಿದ ದಿನವೇ ವೇದಿಕೆಯಿಂದ ನಿವೃತ್ತವಾಗುತ್ತದೆ. ಎರಡನ್ನೂ ಮಾಡುವವರು ಎರಡಕ್ಕೂ ಬೇರೆ ಬೇರೆ ಸರಕನ್ನು ಇಟ್ಟುಕೊಳ್ಳಬೇಕು.

ಭಾಷಣಗಳಿಗೆ ಹಂಗಾಮು ಗಣೇಶನಿಂದ ಶುರುವಾಗಿ ನವೆಂಬರಿನಲ್ಲಿ ತುಂಬಿ ಹರಿಯುತ್ತದೆ, ಪರೀಕ್ಷೆಯ ತಿಂಗಳುಗಳಲ್ಲಿ ಬತ್ತುತ್ತದೆ. ಮುಂಬೈ, ಪುಣೆ, ಕೊಲ್ಲಿ ದೇಶಗಳ ಕನ್ನಡ ಸಂಘಗಳು, ಅಮೆರಿಕದ ಕನ್ನಡಿಗರ ಸಂಘಟನೆಗಳಾದ ಅಕ್ಕ ಮತ್ತು ನಾವಿಕದ ಸಮ್ಮೇಳನಗಳು ಹಾಸ್ಯ ಕಲಾವಿದರನ್ನು ಕರೆಸಿಕೊಳ್ಳುತ್ತವೆ. ಅಲ್ಲಿಗೆ ಹೋಗುವಾಗ, ಊರು ಬಿಟ್ಟು ಬಹಳ ವರ್ಷವಾದವರಿಗೆ ನಿನ್ನೆಯ ಧಾರಾವಾಹಿಯ ಮಾತು ಹತ್ತುವುದಿಲ್ಲ, ಹಳೆಯ ಮೇಷ್ಟರು, ಹಾಸ್ಟೆಲ್, ಕೆಂಪು ಬಸ್ಸು ತಕ್ಷಣ ಹತ್ತುತ್ತವೆ ಎಂಬುದನ್ನು ನೆನಪಿಟ್ಟು ಸರಕನ್ನು ಆರಿಸಿಕೊಳ್ಳಿ.

ಪ್ರಾದೇಶಿಕ ನುಡಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಯಶವಂತ ಸರದೇಶಪಾಂಡೆಯವರು ಹುಬ್ಬಳ್ಳಿ ಕಡೆಯ ಮಾತನ್ನು ‘ಆಲ್ ದಿ ಬೆಸ್ಟ್’ ನಾಟಕದಿಂದ ಹಿಡಿದು 2005ರ ‘ರಾಮ ಶಾಮ ಭಾಮ’ ಚಿತ್ರದವರೆಗೆ ಕೊಂಡೊಯ್ದರು; ಅಲ್ಲಿ ಆ ನುಡಿ ನಗೆಗೀಡಾಗಲಿಲ್ಲ, ಆ ನುಡಿಯಾಡುವವರ ಚುರುಕು ನಗಿಸಿತು. ನೀವು ಹುಟ್ಟಿ ಬೆಳೆದ ನುಡಿಯಲ್ಲೇ ಬರೆಯಿರಿ. ಕುಂದಾಪುರದವರಲ್ಲದವರು ಕುಂದಾಪುರದವರಂತೆ, ಕಲಬುರಗಿಯವರಲ್ಲದವರು ಕಲಬುರಗಿಯವರಂತೆ ರಾಗ ಎಳೆದು ಗಳಿಸುವ ನಗು ಆ ಊರಿಗೆ ಕಾಲಿಟ್ಟ ದಿನ ನಿಲ್ಲುತ್ತದೆ.

ತೆರೆಗೆ ಹೋಗುವಾಗ

ಟಿವಿಯ ಕಾಮಿಡಿ ಶೋ ಒಂದೇ ಋತುವಿನಲ್ಲಿ ರಾಜ್ಯವಿಡೀ ಪರಿಚಯಿಸುತ್ತದೆ. 2016ರಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಕಾಮಿಡಿ ಕಿಲಾಡಿಗಳು’ ಶಿವರಾಜ್ ಕೆ.ಆರ್. ಪೇಟೆ, ನಯನಾ ಮೊದಲಾದವರನ್ನು ಸಿನಿಮಾದವರೆಗೂ ತಂದಿತು. ಆದರೆ ವಾರವಾರವೂ ಹೊಸ ಸ್ಕಿಟ್, ಅಂದರೆ ಕಿರು ಪ್ರಹಸನ, ಬೇಕು, ಬರೆಯಲು ಎರಡು ಮೂರು ದಿನ, ತಾಲೀಮಿಗೆ ಅದಕ್ಕಿಂತ ಕಡಿಮೆ. ಕೈಯಲ್ಲಿ ಹಿಂದಿನ ಗಳಿಕೆ ಇಲ್ಲದೆ ಹೋದವರು ನಾಲ್ಕನೆಯ ವಾರಕ್ಕೆ ಹೆಣ್ಣುವೇಷ, ತೊದಲು, ದಪ್ಪ ದೇಹ, ಕಪ್ಪು ಬಣ್ಣ ಇವುಗಳಿಗೆ ಜೋತುಬೀಳುತ್ತಾರೆ. ಇಂಥ ನಗು ಬೇಗ ಬರುತ್ತದೆ, ಅದನ್ನು ಮಾಡಿದವರನ್ನು ಅದರಲ್ಲೇ ಕಟ್ಟಿಹಾಕುತ್ತದೆ. ಮೊದಲ ವಾರದಲ್ಲೇ ಯಾವುದನ್ನು ಮಾಡುವುದಿಲ್ಲ ಎಂಬುದನ್ನು ಬರಹಗಾರರಿಗೆ ನಯವಾಗಿ, ಸ್ಪಷ್ಟವಾಗಿ ಹೇಳಿಬಿಡಿ.

ಹೆಣ್ಣುಮಕ್ಕಳಿಗೆ ಈ ಕಟ್ಟು ಇನ್ನೂ ಬಿಗಿ. ಉಮಾಶ್ರೀ ‘ಒಡಲಾಳ’ದ ಸಾಕವ್ವನಾಗಿ ರಂಗದ ಮೇಲೆ ಎಂಥ ನಟಿ ಎಂಬುದನ್ನು ತೋರಿಸಿದ್ದರೂ ಚಿತ್ರರಂಗ ಅವರಿಗೆ ಬಹುಕಾಲ ಕೊಟ್ಟದ್ದು ಎರಡರ್ಥದ ಮಾತಿನ ಪಾತ್ರಗಳನ್ನೇ; ‘ಗುಲಾಬಿ ಟಾಕೀಸ್’ಗೆ ಅವರು ಶ್ರೇಷ್ಠ ನಟಿಯಾಗಿ ರಾಷ್ಟ್ರಪ್ರಶಸ್ತಿ ಪಡೆಯುವ ಹೊತ್ತಿಗೆ ಎರಡು ದಶಕಕ್ಕೂ ಹೆಚ್ಚು ಕಾಲ ಸಂದಿತ್ತು. ಅಷ್ಟು ವರ್ಷ ಅವರನ್ನು ಕಾಪಾಡಿದ್ದು ಅವರು ಬಿಡದೆ ಹಿಡಿದಿದ್ದ ರಂಗಭೂಮಿ. ಇನ್ನೊಂದು ಬಗೆಯ ಉದಾಹರಣೆ ಅಪರ್ಣಾ: ಅಚ್ಚಗನ್ನಡದ ನಿರೂಪಣೆಗೆ ಹೆಸರಾದವರು ‘ಮಜಾ ಟಾಕೀಸ್’ನಲ್ಲಿ ವರಲಕ್ಷ್ಮಿಯಾಗಿ ಬಂದಾಗ, ಜನ ತಮ್ಮಲ್ಲಿ ಕಂಡಿದ್ದ ಗಾಂಭೀರ್ಯವನ್ನೇ ಹಾಸ್ಯದ ಬಂಡವಾಳ ಮಾಡಿಕೊಂಡರು. ಜನರಿಗೆ ನಿಮ್ಮ ಬಗ್ಗೆ ಏನು ನಂಬಿಕೆಯಿದೆಯೋ ಅದನ್ನು ಒಮ್ಮೆ ತಿರುವಿ ನೋಡಿ; ಹೊಸ ಪಾತ್ರ ಅಲ್ಲಿಂದ ಸಿಗಬಹುದು.

ಟಿವಿ ಅಥವಾ ಸಿನಿಮಾ ಕೈಗೆ ಬಂದ ಮೇಲೂ ತಿಂಗಳಿಗೆ ಕೆಲವು ಸಂಜೆಗಳನ್ನು ವೇದಿಕೆಗೆ ಮೀಸಲಿಡಿ. ಅದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಒಳಿತು.

ಕಾಗದ ಪತ್ರ ಮತ್ತು ಹಣ

ಪೂರ್ಣಾವಧಿಗೆ ಇಳಿಯುವ ಅವಸರ ಬೇಡ. ಬೀಚಿಯವರು ಪೊಲೀಸ್ ಇಲಾಖೆಯಲ್ಲಿ ನೌಕರರಾಗಿದ್ದುಕೊಂಡೇ ಬರೆದರು, ಕೃಷ್ಣೇಗೌಡರು ಮೈಸೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ರಾಜ್ಯ ಸುತ್ತಿದರು. ಸಂಬಳ ಬರುತ್ತಿರುವವರಿಗೆ ಕೆಟ್ಟ ಸ್ಕಿಟ್ಟನ್ನು ನಿರಾಕರಿಸುವ ಧೈರ್ಯ ಇರುತ್ತದೆ.

ಸಂಭಾವನೆ ಎಷ್ಟೆಂದು ಕೇಳಲು ಸಂಕೋಚಪಡುವುದು ನಮ್ಮ ಕಲಾವಿದರ ಹಳೆಯ ಅಭ್ಯಾಸ, ಅದರಿಂದ ಆಗಿರುವ ನಷ್ಟ ಅಷ್ಟಿಷ್ಟಲ್ಲ. ಎಷ್ಟು ನಿಮಿಷದ ಕಾರ್ಯಕ್ರಮ, ಮುಂಗಡ ಎಷ್ಟು, ಪ್ರಯಾಣ ಮತ್ತು ವಸತಿ ಯಾರದು, ಚಿತ್ರೀಕರಿಸಿ ಅಂತರ್ಜಾಲಕ್ಕೆ ಹಾಕಬಹುದೇ, ಈ ನಾಲ್ಕನ್ನು ವಾಟ್ಸ್ಆ್ಯಪ್ ಸಂದೇಶದಲ್ಲಾದರೂ ಬರೆದು ಒಪ್ಪಿಸಿಕೊಳ್ಳಿ. ನಾಲ್ಕನೆಯದು ಬಲು ಮುಖ್ಯ. ಆಯೋಜಕರು ಪ್ರೀತಿಯಿಂದಲೇ ಹಾಕಿದ ವಿಡಿಯೊ ನಿಮ್ಮ ಒಂದು ವರ್ಷದ ಸರಕನ್ನು ಒಂದೇ ರಾತ್ರಿಯಲ್ಲಿ ಮುಗಿಸಬಲ್ಲದು.

1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನೀವು ಬರೆದಿಟ್ಟ ಸ್ಕಿಟ್ ಅಥವಾ ಸಾಲುಗಳ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ನಿಮ್ಮದೇ. ಬಾಯಲ್ಲಿ ಮಾತ್ರ ಇದ್ದದ್ದನ್ನು ಸಾಬೀತುಪಡಿಸುವುದು ಕಷ್ಟ, ಆದ್ದರಿಂದ ದಿನಾಂಕ ಹಾಕಿ ಬರೆದಿಡಿ, ಇಮೇಲಿನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ನಮೂದಾಗದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಾಗದಿದ್ದರೆ ಭಾರತ ಮಾತ್ರ ಎಂದೂ ಕಾಯ್ದೆ ಭಾವಿಸುತ್ತದೆ. ವಾಹಿನಿ ಮತ್ತು ನಿರ್ಮಾಣ ಸಂಸ್ಥೆಗಳ ಪತ್ರಗಳಲ್ಲಿ ‘ಶಾಶ್ವತವಾಗಿ, ವಿಶ್ವದಾದ್ಯಂತ’ ಎಂಬ ಮಾತು ಇರುವುದು ಇದೇ ಕಾರಣಕ್ಕೆ. ಸ್ಕಿಟ್ಟಿನ ಹಕ್ಕನ್ನು ಕೊಟ್ಟರೂ, ವೇದಿಕೆಯಲ್ಲಿ ಬಹುಕಾಲದಿಂದ ಬೆಳೆಸಿದ ಪಾತ್ರದ ಹೆಸರು ಮತ್ತು ವೇಷವನ್ನು ಕೊಡದಂತೆ ಒಂದು ಸಾಲು ಸೇರಿಸಿ ಎಂದು ಕೇಳಿ. ಕೇಳಿದರೆ ಅವಕಾಶ ತಪ್ಪೀತೆಂಬ ಭಯ ಸಹಜ, ಆದರೂ ಕೇಳಿ.

ಸಂಸ್ಥೆಗಳು ಸಂಭಾವನೆಯಿಂದ ಸಾಮಾನ್ಯವಾಗಿ ಶೇ 10ರಷ್ಟು ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾಗುವ ತೆರಿಗೆ, ಹಿಡಿಯುತ್ತವೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ಹೆಚ್ಚುವರಿ ಹಿಡಿದ ಹಣ ಮರಳಿ ಬರುತ್ತದೆ. ಸೇವೆಯಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ.

ಮೊದಲ ಕಾರ್ಯಕ್ರಮದ ದಿನದಿಂದಲೇ ಒಂದು ಕಡತ ಮಾಡಿ. ಆಹ್ವಾನ ಪತ್ರಿಕೆ, ಕರಪತ್ರ, ಪತ್ರಿಕಾ ವರದಿ, ಸಂಭಾವನೆಯ ರಸೀದಿ, ಧ್ವನಿಮುದ್ರಿಕೆ ಎಲ್ಲವನ್ನೂ ದಿನಾಂಕದೊಂದಿಗೆ ಸೇರಿಸುತ್ತ ಹೋಗಿ. ಅಕಾಡೆಮಿಯ ಗೌರವಕ್ಕಾಗಲಿ, ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕೊಡುವ ಮಾಸಾಶನಕ್ಕಾಗಲಿ ಅರ್ಜಿ ಹಾಕುವಾಗ ಸೇವೆಯ ದಾಖಲೆ ಕೇಳುತ್ತಾರೆ. ಜೀವನವಿಡೀ ಊರೂರುಗಳನ್ನು ನಗಿಸಿದ ಎಷ್ಟೋ ಕಂಪನಿ ಕಲಾವಿದರ ಬಳಿ ಅಂಥ ಒಂದು ಕಾಗದವೂ ಉಳಿದಿರಲಿಲ್ಲ.